ಏರಿ ಬಿಟ್ಟು ಅಂಗಳಕ್ಕೆ ಇಳಿಯಿರಿ: ಹೊನ್ನವಳ್ಳಿ ಸೀಮೆಯ ಕೆರೆದಂಡೆ ಹಕ್ಕಿಗಳನ್ನು ಗುರುತಿಸುವ ಬಗೆ

ಹೊನ್ನವಳ್ಳಿಯ ಕೆರೆ ಏರಿಯ ಮೇಲೆ ನಿಂತರೆ ಕಣ್ಣಿಗೆ ಬೀಳುವುದು ನೀರುಕಾಗೆ, ಗುಳುಮುಳುಕ, ನಾಮದ ಕೋಳಿ. ಮಳೆ ಚೆನ್ನಾಗಿ ಆದ ವರ್ಷ ಒಂದಷ್ಟು ಬಾತು. ಹಕ್ಕಿ ನೋಡಲು ಹೊಸದಾಗಿ ಹೊರಟವರು ಬಹುಮಂದಿ ಇಷ್ಟನ್ನು ಬರೆದುಕೊಂಡು ಗಾಡಿ ಹತ್ತುತ್ತಾರೆ. ಅವರು ನೋಡಿದ್ದು ಅರ್ಧ ಕೆರೆ. ಏರಿ ಕಟ್ಟುವುದೇ ಆಳದ ಕಡೆಗೆ. ಉಳಿದರ್ಧ, ಅಂದರೆ ಹಳ್ಳ ಬಂದು ಸೇರುವ ಮೇಲ್ಗಡೆಯ ಅಂಗಳ, ಏರಿಯಿಂದ ಬರೀ ಕಂದು ಪಟ್ಟಿಯಾಗಿ ಕಾಣುತ್ತದೆ. ಸೈಬೀರಿಯಾದಿಂದ ಬಂದ ಹಕ್ಕಿಗಳು ಮೇಯುವುದು ಆ ಕಂದು ಪಟ್ಟಿಯಲ್ಲಿ.

ಗೊರವ, ಟಿಟ್ಟಿಭ, ಉಲ್ಲಂಕಿ, ಮೆಟ್ಟುಗಾಲು ಹಕ್ಕಿ ಇವೆಲ್ಲ ದಂಡೆಹಕ್ಕಿಗಳ ಒಂದೇ ದೊಡ್ಡ ಬಳಗ. ಕುಮಟಾ, ಕಾರವಾರದ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಸಾಲುಗಟ್ಟಿ ಮೇಯುವವೂ ಇದೇ ಬಳಗದವು. ಹೊನ್ನವಳ್ಳಿಯಿಂದ ಸಮುದ್ರ ನೇರ ಗೆರೆ ಎಳೆದು ಅಳೆದರೂ 180 ಕಿಲೋಮೀಟರ್ ಆಸುಪಾಸು. ಆದರೂ ಇಲ್ಲಿಗೆ ಬರುತ್ತವೆ, ಯಾಕೆಂದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಉಪ್ಪುನೀರೇ ಆಗಬೇಕೆಂದಿಲ್ಲ. ಮೆತ್ತನೆಯ ಕೆಸರು, ಅದರ ಮೇಲೆ ಕಣಕಾಲು ಮುಳುಗದಷ್ಟು ನೀರು, ಸುತ್ತ ಬಯಲು ಇದ್ದರೆ ಸಾಕು. ಕಡಲಲ್ಲಿ ಭರತ ಇಳಿತಗಳು ದಿನಕ್ಕೆ ಎರಡು ಸಲ ಅಂಥ ಕೆಸರನ್ನು ತೆರೆದಿಡುತ್ತವೆ. ನಮ್ಮ ಸೀಮೆಯಲ್ಲಿ ಆ ಕೆಲಸಕ್ಕೆ ಇಡೀ ಒಂದು ಋತು ಬೇಕು. ಕೆರೆ ತುಂಬಿ, ನಿಧಾನವಾಗಿ ಇಂಗಿ, ದಿನಕ್ಕೆ ಗೇಣು ಗೇಣು ಕೆಸರು ಬಿಟ್ಟುಕೊಡುತ್ತಾ ಹೋಗಬೇಕು.

ಈ ಹಕ್ಕಿಗಳಿಗೆ ‘ಎಲ್ಲವೂ ಒಂದೇ ಥರ ಕಂದು, ಗುರುತು ಹಿಡಿಯುವುದು ಕಷ್ಟ’ ಎಂಬ ಕೆಟ್ಟ ಹೆಸರಿದೆ. ಬಣ್ಣದಿಂದ ಶುರುಮಾಡಿದರೆ ಆ ಮಾತು ನಿಜವೇ. ನನ್ನ ಸಲಹೆ ಬೇರೆ. ಬಣ್ಣವನ್ನು ಕೊನೆಗಿಡಿ. ಹಕ್ಕಿ ನೀರಿನಲ್ಲಿ ಎಲ್ಲಿ ನಿಂತಿದೆ, ಹೇಗೆ ಮೇಯುತ್ತಿದೆ, ಕಾಲಿನ ಬಣ್ಣ ಯಾವುದು, ಎದ್ದು ಹಾರಿದಾಗ ಸೊಂಟದ ಮೇಲೆ ಬಿಳುಪಿದೆಯೇ ಎಂದು ಈ ಕ್ರಮದಲ್ಲೇ ನೋಡುತ್ತ ಹೋದರೆ ನಮ್ಮ ಕೆರೆಗಳ ಮುಕ್ಕಾಲು ಪಾಲು ದಂಡೆಹಕ್ಕಿಗಳು ಒಂದು ಚಳಿಗಾಲದಲ್ಲಿ ಪರಿಚಯವಾಗುತ್ತವೆ.

ಹೆಸರಿನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಗೊರವಗಳ ಒಳಜಾತಿಗಳಿಗೆ ಕನ್ನಡ ಪುಸ್ತಕಗಳಲ್ಲಿ ಒಂದೊಂದರಲ್ಲಿ ಒಂದೊಂದು ಹೆಸರು. ಆದ್ದರಿಂದ ನೆಲೆ ನಿಂತ ಕನ್ನಡದ ಹೆಸರಿದ್ದಲ್ಲಿ ಅದನ್ನೂ, ಇಲ್ಲದ ಕಡೆ ಮೊಬೈಲ್ ಆ್ಯಪ್‌ನಲ್ಲಿ ಹುಡುಕಲು ಅನುಕೂಲವಾಗುವ ಹೆಸರನ್ನೂ ಬಳಸಿದ್ದೇನೆ.

ಯಾವಾಗ, ಎಲ್ಲಿ

ವಲಸೆ ಹಕ್ಕಿ ಎಂದರೆ ಡಿಸೆಂಬರ್ ಎಂದುಕೊಂಡವರು ತಡಮಾಡುತ್ತಾರೆ. ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್‌ಗಳು ಆಗಸ್ಟ್‌ಗೇ ಬಂದಿಳಿಯುತ್ತವೆ. ಮುಂಗಾರು ಇನ್ನೂ ಹನಿಯುತ್ತಿರುವಾಗಲೇ ಅವಕ್ಕೆ ಚಳಿಗಾಲ ಶುರು. ಬಡಗಣ ನಾಡಿನಲ್ಲಿ ಮರಿ ಮಾಡುವ ಬೇಸಿಗೆ ಬಹಳ ಚಿಕ್ಕದು, ಕೆಲಸ ಮುಗಿದೊಡನೆ ಹೊರಟುಬಿಡುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಉಳಿದವು. ಏಪ್ರಿಲ್ ಹೊತ್ತಿಗೆ ಹೆಚ್ಚಿನವು ಹೊರಡುತ್ತವೆ, ಮೇ ಮೊದಲ ವಾರದಲ್ಲೂ ಕೆಲವು ಸಿಗಬಹುದು. ಹೊರಡುವ ಮುಂಚೆ ಮಾರ್ಚ್, ಏಪ್ರಿಲ್‌ನಲ್ಲಿ ಹಲವಕ್ಕೆ ಹೊಸ ಪುಕ್ಕ ಬಂದು ಬಣ್ಣ ಏರಿರುತ್ತದೆ. ಡಿಸೆಂಬರ್‌ನಲ್ಲಿ ಮಾಸಲಾಗಿ ಕಂಡದ್ದೇ ಈಗ ಬೇರೆ ಹಕ್ಕಿಯಂತೆ ಕಾಣುತ್ತದೆ.

ನಮ್ಮ ಸೀಮೆಯಲ್ಲಿ ಕ್ಯಾಲೆಂಡರಿಗಿಂತ ಮುಖ್ಯ ನಾಲೆ. ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ಅದಕ್ಕೂ ನಾಲ್ಕು ದಶಕ ಹಿಂದೆ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಓಡಾಡಿದಾಗ ಈ ಕಡೆಯ ಕೆರೆಗಳಿಗೆ ಮಳೆ ಮತ್ತು ಹಳ್ಳಗಳೇ ಗತಿ. ಈಗ ತಿಪಟೂರು, ತುರುವೇಕೆರೆ ಕಡೆಯ ಹಲವು ಕೆರೆಗಳಿಗೆ ನಾಲೆಯ ನೀರು ಬರುತ್ತದೆ. ಎತ್ತರದ ಈ ಭಾಗಕ್ಕೆ ಹೊನ್ನವಳ್ಳಿ ಏತ ನೀರಾವರಿ ಯೋಜನೆಯಿದೆ. ರೈತನಿಗೆ ಕೆರೆ ಕೋಡಿ ಬಿದ್ದರೆ ಹಬ್ಬ. ಕೊಳವೆಬಾವಿಗೆ ಜೀವ ಬರುತ್ತದೆ, ತೆಂಗಿನ ಗರಿ ಜೋತುಬೀಳುವುದು ನಿಲ್ಲುತ್ತದೆ. ದಂಡೆಹಕ್ಕಿಗೆ ಮಾತ್ರ ಅಂಚಿನ ತನಕ ತುಂಬಿದ ಕೆರೆ ಉಪಯೋಗಕ್ಕೆ ಬಾರದು. ಅಂಥ ವರ್ಷ ನವೆಂಬರ್‌ನಲ್ಲಿ ದೊಡ್ಡ ಕೆರೆ ಬಿಟ್ಟು ಸಣ್ಣ ಕಟ್ಟೆಗಳು, ಕೋಡಿಯ ಕೆಳಗಿನ ಜೌಗು, ಭತ್ತ ಕೊಯ್ದ ಗದ್ದೆಗಳನ್ನು ಹುಡುಕಿ. ಅದೇ ದೊಡ್ಡ ಕೆರೆಗೆ ಫೆಬ್ರುವರಿ, ಮಾರ್ಚ್‌ನಲ್ಲಿ ನೀರು ಇಳಿದ ಮೇಲೆ ಬನ್ನಿ.

ಹೊನ್ನವಳ್ಳಿಯ ಜೊತೆಗೆ ನೊಣವಿನಕೆರೆ, ತುರುವೇಕೆರೆ ಬಳಿಯ ಮಲ್ಲಾಘಟ್ಟ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿಗೆ ಕಟ್ಟಿದ ಬೋರನಕಣಿವೆಯ ಹಿನ್ನೀರು ಇವೆಲ್ಲ ವಿಸ್ತಾರವಾದ ನೀರಿನ ಜಾಗಗಳು. ದೊಡ್ಡ ಹೆಸರಿನ ಕೆರೆಗೇ ಹೋಗಬೇಕೆಂದಿಲ್ಲ. ನಿಮ್ಮೂರಿನ ಕಟ್ಟೆಗೆ ವಾರಕ್ಕೊಮ್ಮೆ ಹೋಗುವವರು ವರ್ಷಕ್ಕೊಮ್ಮೆ ದೂರದ ಕೆರೆಗೆ ಹೋಗುವವರಿಗಿಂತ ಬೇಗ ಕಲಿಯುತ್ತಾರೆ.

ಅಂಗಳದ ಕಡೆಗೆ ಹೋಗುವಾಗ ಸೂರ್ಯ ಬೆನ್ನ ಹಿಂದೆ ಇರಲಿ. ಇದು ಸಣ್ಣ ಸಲಹೆಯಂತೆ ಕಂಡರೂ ದಂಡೆಹಕ್ಕಿಗಳ ಮಟ್ಟಿಗೆ ಇದೇ ದೊಡ್ಡದು. ಒದ್ದೆ ಕೆಸರು ಬೆಳಕನ್ನು ವಾಪಸು ಎಸೆಯುತ್ತದೆ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪು, ಎಲ್ಲ ಕಾಲೂ ಕಪ್ಪು. ಬೆಳಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ. ಹತ್ತೂವರೆ ದಾಟಿದ ಮೇಲೆ ಬಿಸಿಗಾಳಿಯಲ್ಲಿ ದೂರದ ಹಕ್ಕಿ ಅಲುಗಾಡಿದಂತೆ ಕಾಣುತ್ತದೆ, ಆಗ ಕಣ್ಣಿಗೆ ಶ್ರಮ ಕೊಟ್ಟು ಪ್ರಯೋಜನವಿಲ್ಲ. 8x42 ಅಳತೆಯ ದುರ್ಬೀನು ಸಾಕು. ಜಾಲಿಮೆಳೆಯ ಅಥವಾ ತೆಂಗಿನ ಬುಡದ ಮರೆಯಲ್ಲಿ ಸುಮ್ಮನೆ ಕೂತರೆ ಹಕ್ಕಿಗಳು ಮೇಯುತ್ತಾ ತಾವೇ ಹತ್ತಿರ ಬರುತ್ತವೆ. ನಡೆದು ಹೋದರೆ ಟಿಟ್ಟಿಭ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತದೆ.

ಮೊದಲ ಪ್ರಶ್ನೆ: ಓಡಿ ನಿಲ್ಲುತ್ತದೆಯೋ, ಕುಕ್ಕುತ್ತಲೇ ಹೋಗುತ್ತದೆಯೋ

ಕೆಸರಿನ ಮೇಲೆ ಒಂದು ಹಕ್ಕಿ ನಾಲ್ಕು ಹೆಜ್ಜೆ ಸರಸರ ಓಡಿ, ಗಕ್ಕನೆ ನಿಂತು, ಬಗ್ಗಿ ಒಂದು ಹುಳ ಎತ್ತಿ, ಮತ್ತೆ ಓಡಿದರೆ ಅದು ಪ್ಲೋವರ್ ಅಥವಾ ಟಿಟ್ಟಿಭದ ಕಡೆಯದು. ತಲೆ ತಗ್ಗಿಸಿ ಕೊಕ್ಕನ್ನು ಒಂದೇ ಸಮನೆ ಕೆಸರಿಗೆ ಚುಚ್ಚುತ್ತಾ ಅಥವಾ ನೀರಿನ ಮೇಲ್ಮೈ ಕುಕ್ಕುತ್ತಾ ನಡೆದರೆ ಗೊರವ, ಉಲ್ಲಂಕಿಗಳ ಕಡೆಯದು. ಕಾರಣ ಅವುಗಳ ಮೈಕಟ್ಟಿನಲ್ಲೇ ಇದೆ. ಪ್ಲೋವರ್‌ಗಳಿಗೆ ದೊಡ್ಡ ಕಣ್ಣು, ಮೋಟು ಕೊಕ್ಕು; ಅವು ನೋಡಿ ಹಿಡಿಯುವ ಜಾತಿ. ಕೆಸರು ಕೆದಕುವ ಗೊರವಗಳಿಗೆ ಕೊಕ್ಕಿನ ತುದಿಯಲ್ಲೇ ನರಗಳ ಜಾಲವಿದ್ದು, ಕಾಣದ ಹುಳವನ್ನು ಒತ್ತಡದಿಂದಲೇ ಪತ್ತೆ ಮಾಡುತ್ತವೆ. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಪುಸ್ತಕದ ಅರ್ಧ ಪುಟಗಳನ್ನು ಬಿಟ್ಟಂತೆ.

ಓಡಿ ನಿಲ್ಲುವವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕೆಂಪು ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ಚರ್ಮ, ಕಪ್ಪು ಎದೆ, ಹಳದಿ ಕಾಲು, ಹಗಲಿರುಳೆನ್ನದ ‘ಟಿಟಿಟೂಯ್’ ಕೂಗು. ಪಂಚತಂತ್ರದಲ್ಲಿ ಸಮುದ್ರದ ಮೇಲೇ ಜಗಳ ತೆಗೆದ ಹಕ್ಕಿ ಇದು, ಸ್ವಭಾವ ಇವತ್ತಿಗೂ ಹಾಗೇ ಇದೆ. ಇದರ ದಾಯಾದಿ ಹಳದಿ ಟಿಟ್ಟಿಭವನ್ನು ಮಾತ್ರ ನೀರಿನ ಹತ್ತಿರ ಹುಡುಕಬೇಡಿ. ಕೆರೆಯಿಂದ ದೂರದ ಒಣ ಬೀಳು, ರಾಗಿ ಕೊಯ್ದ ಹೊಲ ಅದರ ಜಾಗ. ಕಪ್ಪು ಟೊಪ್ಪಿ, ಅದರ ಸುತ್ತ ಬಿಳಿ ಗೆರೆ, ಕಣ್ಣಿನ ಮುಂದೆ ಹಳದಿ ಚರ್ಮ.

ಗುಬ್ಬಿಗಿಂತ ಸ್ವಲ್ಪ ದೊಡ್ಡದಾಗಿ, ಬಿಳಿ ಕತ್ತಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಓಡುವುದು ಲಿಟಲ್ ರಿಂಗ್ಡ್ ಪ್ಲೋವರ್. ಕಣ್ಣಿನ ಸುತ್ತ ಹಳದಿ ಬಳೆ ಇದ್ದರೆ ಅದೇ, ಅನುಮಾನ ಬೇಡ. ಇವುಗಳಲ್ಲಿ ವಲಸೆ ಬರುವವೂ ಇವೆ, ಇಲ್ಲೇ ನೆಲೆಸಿ ಮೊಟ್ಟೆ ಇಡುವವೂ ಇವೆ. ಅದೇ ಅಳತೆಯ ಕೆಂಟಿಶ್ ಪ್ಲೋವರ್‌ನ ಎದೆಪಟ್ಟಿ ನಡುವೆ ತುಂಡಾಗಿ ಎರಡು ಬದಿಗೆ ಮಾತ್ರ ಮಚ್ಚೆಯಂತೆ ಉಳಿದಿರುತ್ತದೆ, ಕಾಲು ಕಪ್ಪು, ಹಳದಿ ಬಳೆ ಇಲ್ಲ. ಎಳೆಯ ರಿಂಗ್ಡ್ ಪ್ಲೋವರ್‌ಗೂ ಎದೆಪಟ್ಟಿ ತುಂಡಾಗಿರಬಹುದು. ಆಗ ಕಾಲು ನೋಡಿ ತೀರ್ಮಾನಿಸಿ.

ಮೂರು ಗೊರವಗಳ ಗೋಜಲು

ಹೊಸಬರು ಸೋಲುವುದು ಇಲ್ಲಿ. ಕಾಮನ್, ವುಡ್, ಗ್ರೀನ್ ಎಂಬ ಮೂರು ಸ್ಯಾಂಡ್‌ಪೈಪರ್‌ಗಳು ನಮ್ಮ ಎಲ್ಲ ಕೆರೆಗಳಿಗೂ ಬರುತ್ತವೆ. ಮೂರೂ ಮೈನಾಗಿಂತ ಚೂರು ಚಿಕ್ಕ ಅಥವಾ ಹೆಚ್ಚುಕಡಿಮೆ ಅಷ್ಟೇ ದೊಡ್ಡ, ಮೇಲೆ ಕಂದು ಕೆಳಗೆ ಬಿಳಿ. ಈ ಮೂರನ್ನು ಬಿಡಿಸಿಕೊಂಡವರಿಗೆ ಉಳಿದದ್ದು ಸುಲಭ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕಾಮನ್ ಸ್ಯಾಂಡ್‌ಪೈಪರ್ ಸೊಂಟದಿಂದ ಹಿಂದಿನ ಭಾಗವನ್ನು ಸದಾ ಮೇಲೆ ಕೆಳಗೆ ಕುಣಿಸುತ್ತದೆ. ನಿಂತಾಗಲೂ ಸುಮ್ಮನಿರದು. ಬೆನ್ನಿನ ಮೇಲೆ ಚುಕ್ಕೆಗಳಿಲ್ಲ, ಒಂದೇ ಸಮನಾದ ಕಂದು. ಎದೆಯ ಬದಿಯ ಕಂದಿಗೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳುಪು ಬೆಣೆಯಂತೆ ಮೇಲೇರಿರುತ್ತದೆ. ಇದೊಂದು ಗುರುತು ನೂರು ಮೀಟರಿನಿಂದಲೂ ಕಾಣುತ್ತದೆ. ಹಾರುವ ಬಗೆಯಂತೂ ಇದಕ್ಕೇ ಮೀಸಲು: ರೆಕ್ಕೆಗಳನ್ನು ಕೆಳಕ್ಕೆ ಬಾಗಿಸಿ ಹಿಡಿದು, ಕಂಪಿಸಿದ ಹಾಗೆ ಸಣ್ಣದಾಗಿ ಬಡಿಯುತ್ತಾ, ನಡುವೆ ತೇಲುತ್ತಾ, ನೀರಿಗೆ ತಾಗುವಂತೆ ಹೋಗಿ ಇನ್ನೊಂದು ಕಲ್ಲಿನ ಮೇಲೆ ಇಳಿಯುತ್ತದೆ. ರೆಕ್ಕೆಯುದ್ದಕ್ಕೂ ಬಿಳಿ ಗೆರೆ. ಏರಿಯ ಕಲ್ಲುಕಟ್ಟಡ, ತೂಬಿನ ಕಟ್ಟೆ, ಬಟ್ಟೆ ಒಗೆಯುವ ಬಂಡೆ ಇದಕ್ಕೆ ಇಷ್ಟ. ಏರಿಯ ಕಡೆಯೇ ಧಾರಾಳವಾಗಿ ಸಿಗುವ ಗೊರವ ಇದೊಂದೇ.

ಬಾಲ ಕುಣಿಸುವುದನ್ನೇ ನಂಬಿ ಸಿಪಿಲೆಯನ್ನು ಗೊರವ ಎಂದು ಬರೆದುಕೊಳ್ಳುವವರೂ ಇದ್ದಾರೆ. ಸಿಪಿಲೆಯ ಬಾಲ ಉದ್ದ, ಕೊಕ್ಕು ಗುಬ್ಬಚ್ಚಿ ಬಳಗದ ಮೋಟು ಕೊಕ್ಕು. ಗೊರವದ ಬಾಲ ಗಿಡ್ಡ, ಅಲುಗುವುದು ಇಡೀ ಹಿಂಭಾಗ.

ವುಡ್ ಸ್ಯಾಂಡ್‌ಪೈಪರ್‌ನ ಬೆನ್ನು ತುಂಬ ಬಿಳಿ ಚುಕ್ಕೆ. ಹುಬ್ಬಿನ ಬಿಳಿ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಕಾಲು ಹಳದಿ ಮಿಶ್ರಿತ, ತುಸು ಉದ್ದ. ಆದ್ದರಿಂದ ನೀರಿನೊಳಕ್ಕೂ ನಾಲ್ಕು ಹೆಜ್ಜೆ ಇಡುತ್ತದೆ. ಹತ್ತಾರು ಹಕ್ಕಿ ಒಟ್ಟಿಗೆ, ಹುಲ್ಲು ಬೆರೆತ ಕೆಸರಿನಲ್ಲಿ, ಒಂದರಿಂದೊಂದು ತುಸು ದೂರ ಇಟ್ಟುಕೊಂಡು ಮೇಯುತ್ತವೆ. ಎದ್ದು ಹಾರಿದಾಗ ಸೊಂಟ ಬಿಳಿ, ರೆಕ್ಕೆಯ ಅಡಿ ಮಸುಕು ಬಿಳಿ, ಮತ್ತು ‘ಚಿಫ್-ಇಫ್-ಇಫ್’ ಎಂಬ ಅವಸರದ ಕೂಗು. ಒಂದು ಹಕ್ಕಿ ಕೂಗಿದರೆ ಅಂಗಳದ ಅಷ್ಟೂ ಏಳುತ್ತವೆ. ತೂಕ ಸುಮಾರು 60 ಗ್ರಾಂ. ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದ ಪೂರ್ವದಂಚಿನವರೆಗೆ ಹಬ್ಬಿದ ಜೌಗು ಕಾಡುಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವುದು ಈ ಮೈಯಲ್ಲಿ.

ಗ್ರೀನ್ ಸ್ಯಾಂಡ್‌ಪೈಪರ್‌ಗೆ ಒಂಟಿತನ ಇಷ್ಟ. ಬೆನ್ನು ಕಡುಗಂದು, ದೂರದಿಂದ ಕಪ್ಪೇ. ಚುಕ್ಕೆಗಳಿದ್ದರೂ ತೀರ ಸಣ್ಣವು. ಬಿಳಿ ಹುಬ್ಬು ಕಣ್ಣಿನ ಮುಂದೆಯೇ ನಿಂತುಬಿಡುತ್ತದೆ, ಹಿಂದಕ್ಕೆ ದಾಟುವುದಿಲ್ಲ. ತೆರೆದ ಅಂಗಳಕ್ಕಿಂತ ರಸ್ತೆ ಮೋರಿಯ ಕೆಳಗಿನ ಗುಂಡಿ, ತೋಟದ ನಡುವಿನ ಬಸಿಗಾಲುವೆ ಇದರ ಮೇವಿನ ಜಾಗ. ಬಸಿಗಾಲುವೆಯ ಪಕ್ಕ ಸದ್ದಿಲ್ಲದೆ ನಡೆಯುತ್ತಿರುವಾಗ ಕಾಲ ಬುಡದಿಂದಲೇ ‘ಟ್ಲೂ-ಈಟ್-ವೀಟ್’ ಎಂದು ಗಂಟೆಯಂತೆ ಸ್ಪಷ್ಟವಾಗಿ ಕೂಗುತ್ತಾ ಎದ್ದು, ತೆಂಗಿನ ಸುಳಿಗಳ ಮಟ್ಟ ದಾಟಿ ಓಲಾಡುತ್ತಾ ಮೇಲೆ ಹೋಗುತ್ತದೆ. ಆ ಕ್ಷಣ ಎರಡು ಕಡೆ ನೋಡಿ: ಸೊಂಟ ಹೊಳೆಯುವ ಬಿಳಿ, ರೆಕ್ಕೆಯ ಅಡಿ ಕಪ್ಪು. ವುಡ್ ಸ್ಯಾಂಡ್‌ಪೈಪರ್‌ಗೆ ಸೊಂಟ ಬಿಳಿಯಿದ್ದರೂ ರೆಕ್ಕೆಯಡಿ ಕಪ್ಪಿರುವುದಿಲ್ಲ. ಕಾಮನ್‌ಗೆ ಸೊಂಟವೇ ಬಿಳಿಯಿಲ್ಲ. ಪುಕ್ಕದ ಚುಕ್ಕೆ ಎಣಿಸುವುದಕ್ಕಿಂತ ಈ ಸೊಂಟ, ರೆಕ್ಕೆಗಳ ಲೆಕ್ಕ ಹೆಚ್ಚು ನಂಬಿಕಸ್ಥ. ಹಾಗಂತ ಕೂತ ಹಕ್ಕಿಯನ್ನು ಬೇಕೆಂದೇ ಎಬ್ಬಿಸಬೇಡಿ. ನಾಯಿಯೋ ದನವೋ ಹದ್ದೋ ಆ ಕೆಲಸವನ್ನು ನಿಮ್ಮ ಪರವಾಗಿ ಮಾಡುತ್ತದೆ, ಕಾದರೆ ಸಾಕು.

ನೀರಿನ ಆಳವೇ ಅಳತೆಗೋಲು

ದಂಡೆಯಿಂದ ಒಳಕ್ಕೆ ಸಾಗಿದಷ್ಟೂ ಕಾಲು ಉದ್ದವಾಗುತ್ತದೆ. ಕಾಲು ಎಂದಾಗ ಒಂದು ಮಾತು: ಹಿಂದಕ್ಕೆ ಮಡಿಯುವ ಆ ಗೆಣ್ಣು ಹಕ್ಕಿಯ ಮಂಡಿಯಲ್ಲ, ಹಿಮ್ಮಡಿಯ ಕೀಲು. ಮಂಡಿ ಇರುವುದು ಪುಕ್ಕದೊಳಗೆ. ಆ ಗೆಣ್ಣು ಮುಳುಗಿದೆಯೋ ಇಲ್ಲವೋ ಎಂದು ನೋಡಿದರೆ ಆಳವೂ ತಿಳಿಯುತ್ತದೆ, ಹಕ್ಕಿಯ ಎತ್ತರವೂ ತಿಳಿಯುತ್ತದೆ.

ಅತ್ಯಂತ ಒಳಗೆ, ಮಿಕ್ಕ ಗೊರವಗಳು ಹೋಗಲಾರದ ಆಳದಲ್ಲಿ ಮೆಟ್ಟುಗಾಲು ಹಕ್ಕಿ ನಿಂತಿರುತ್ತದೆ. ಬಿಳಿ ಮೈ, ಕಪ್ಪು ರೆಕ್ಕೆ, ಸೂಜಿಯಂಥ ಕಪ್ಪು ಕೊಕ್ಕು, ನಂಬಲಾರದಷ್ಟು ಉದ್ದದ ಗುಲಾಬಿಗೆಂಪು ಕಾಲು. ಬೇರೆ ಯಾವುದರ ಜೊತೆಗೂ ಇದನ್ನು ಅದಲುಬದಲು ಮಾಡುವ ಹಾಗಿಲ್ಲ. ‘ಕೆಂಪು ಕಾಲು’ ಎಂದಾಕ್ಷಣ ರೆಡ್‌ಶ್ಯಾಂಕ್ ಎಂದು ಬರೆಯುವ ಅವಸರ ಬೇಡ ಅಷ್ಟೇ. ರೆಡ್‌ಶ್ಯಾಂಕ್ ಕಂದು ಹಕ್ಕಿ, ಕಿತ್ತಳೆಗೆಂಪು ಕಾಲು ಸಾಧಾರಣ ಉದ್ದ, ಹಾರುವಾಗ ರೆಕ್ಕೆಯ ಹಿಂದಂಚು ಅಗಲವಾದ ಬಿಳಿ. ಒಳನಾಡಿನ ಕೆರೆಗಳಿಗಿಂತ ಕರಾವಳಿಯಲ್ಲೇ ಅದು ಹೆಚ್ಚು.

ಮೆಟ್ಟುಗಾಲು ಹಕ್ಕಿಯ ಪಕ್ಕದಲ್ಲಿ, ಒಂದು ಹೆಜ್ಜೆ ಈಚೆಗೆ, ಬೂದು ಬಿಳಿ ಬಣ್ಣದ ಎರಡು ಗೊರವಗಳು ಸಿಗಬಹುದು. ಎರಡಕ್ಕೂ ಹಸಿರು ಛಾಯೆಯ ಕಾಲು. ಕೊಕ್ಕು ದಪ್ಪಗಿದ್ದು ತುದಿ ಸ್ವಲ್ಪ ಮೇಲಕ್ಕೆ ಬಾಗಿದ್ದರೆ ಗ್ರೀನ್‌ಶ್ಯಾಂಕ್. ಎದ್ದರೆ ‘ಟ್ಯೂ-ಟ್ಯೂ-ಟ್ಯೂ’ ಎಂದು ಒಂದೇ ಎತ್ತರದಲ್ಲಿ ಮೂರು ಸಲ ಕೂಗುತ್ತದೆ, ಇಡೀ ಕೆರೆಗೆ ಕೇಳಿಸುತ್ತದೆ. ಕೊಕ್ಕು ಸಪೂರವಾಗಿ, ನೇರವಾಗಿ, ಮೈಯೂ ನಾಜೂಕಾಗಿದ್ದರೆ ಮಾರ್ಷ್ ಸ್ಯಾಂಡ್‌ಪೈಪರ್. ಎರಡೂ ಹಾರಿದಾಗ ಸೊಂಟದ ಬಿಳುಪು ಬೆನ್ನಿನ ಮೇಲಕ್ಕೆ ತ್ರಿಕೋನವಾಗಿ ಹತ್ತಿರುತ್ತದೆ. ವುಡ್, ಗ್ರೀನ್‌ಗಳ ಬಿಳುಪು ಸೊಂಟಕ್ಕೇ ಸೀಮಿತ.

ಉದ್ದ ಕಾಲು, ನೇರವಾದ ಉದ್ದ ಕೊಕ್ಕು, ಕೊಕ್ಕಿನ ಬುಡ ಗುಲಾಬಿ ಇದ್ದರೆ ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್. ತಲೆಯನ್ನು ಪೂರ್ತಿ ನೀರಿಗೆ ಅದ್ದಿ ಮೇಯುತ್ತದೆ. ಇದರ ಕಡಲತೀರದ ಸೋದರ ಬಾರ್-ಟೇಲ್ಡ್ ಗಾಡ್‌ವಿಟ್‌ನ ದಾಖಲೆಯೊಂದನ್ನು ಹೇಳದೆ ಇರಲಾರೆ. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ಪ್ರಾಯದ ಮರಿಯೊಂದು ಅಲಾಸ್ಕಾದಿಂದ ಹೊರಟು ನಡುವೆ ಎಲ್ಲೂ ಇಳಿಯದೆ 11 ದಿನ ಹಾರಿ ಟಾಸ್ಮೇನಿಯಾ ತಲುಪಿತು. ಮೈಮೇಲಿದ್ದ ಪುಟ್ಟ ಟ್ರಾನ್ಸ್‌ಮಿಟರ್ ತೋರಿಸಿದ ದೂರ 13,560 ಕಿಲೋಮೀಟರ್. ನಮ್ಮ ಕೆರೆಗೆ ಬರುವವು ಅಷ್ಟು ದೂರ ಒಂದೇ ಉಸಿರಿಗೆ ಹಾರುವುದಿಲ್ಲ. ಮಧ್ಯ ಏಷ್ಯಾದ ಹಾರುದಾರಿಯಲ್ಲಿ ಅಲ್ಲಲ್ಲಿ ಇಳಿದು, ಮೇದು, ಕೊಬ್ಬು ತುಂಬಿಕೊಂಡು ಬರುತ್ತವೆ.

ರಫ್ ಎಂಬುದೊಂದು ತಲೆತಿನ್ನುವ ಹಕ್ಕಿ. ಗಂಡು ಹೆಣ್ಣಿಗಿಂತ ಎಷ್ಟು ದೊಡ್ಡದೆಂದರೆ ಒಂದೇ ಗುಂಪಿನಲ್ಲಿ ಎರಡು ಜಾತಿ ಬೆರೆತಿವೆ ಎನ್ನಿಸುತ್ತದೆ. ಉದ್ದ ಕತ್ತು, ಚಿಕ್ಕ ತಲೆ, ಮೋಟಾದ ತುಸು ಬಾಗಿದ ಕೊಕ್ಕು, ಬೆನ್ನಿನಲ್ಲಿ ಮೀನಿನ ಪೊರೆಯಂತೆ ಅಂಚುಗಟ್ಟಿದ ಗರಿಗಳು. ಯಾವ ಗೊರವಕ್ಕೂ ಹೊಂದದ ಗೊರವ ಕಂಡರೆ ಮೊದಲು ರಫ್ ಇರಬಹುದೇ ಎಂದು ಕೇಳಿಕೊಳ್ಳಿ. ಉತ್ತರ ಬಹಳ ಸಲ ಹೌದು.

ಇನ್ನು ದಂಡೆಯ ತುತ್ತತುದಿಗೆ, ನೀರು ಬರೀ ತೇವವಾಗಿ ಉಳಿದ ಕಡೆ ಬನ್ನಿ. ಗುಬ್ಬಿಯಷ್ಟೇ ಗಾತ್ರದ ಹಕ್ಕಿಗಳ ಗುಂಪೊಂದು ಕೆಸರಿಗೆ ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಆಡಿಸುತ್ತಾ ಸಾಗುತ್ತಿದ್ದರೆ ಅವು ಲಿಟಲ್ ಸ್ಟಿಂಟ್. ಆರ್ಕ್‌ಟಿಕ್‌ನ ಟಂಡ್ರಾದಲ್ಲಿ ಹುಟ್ಟಿದವು, ತೂಕ 20ರಿಂದ 30 ಗ್ರಾಂ. ಕಾಲು ಕಪ್ಪು. ಇದೇ ಅಳತೆಯ ಟೆಮ್ಮಿಂಕ್ಸ್ ಸ್ಟಿಂಟ್‌ನ ಕಾಲು ಹಳದಿ ಅಥವಾ ಹಸಿರು ಮಿಶ್ರಿತ, ಮೈ ಒಂದೇ ಬೂದುಗಂದು, ಗುಂಪಿನಿಂದ ದೂರ ಹುಲ್ಲಿನಂಚಿನಲ್ಲಿ ತೆವಳಿದಂತೆ ನಡೆಯುತ್ತದೆ. ಕೆಸರು ಮೆತ್ತಿದ ಕಾಲು ಎಲ್ಲದಕ್ಕೂ ಕಪ್ಪೇ ಆದ್ದರಿಂದ, ಹಕ್ಕಿ ನೀರಿಗಿಳಿದು ಕಾಲು ತೊಳೆದುಕೊಳ್ಳುವವರೆಗೆ ಕಾಯಿರಿ.

ಸಂಜೆಯ ಪಾಳಿ

ಉಲ್ಲಂಕಿಗಳು ಹಗಲು ಕಾಣಿಸುವುದು ಕಡಿಮೆ. ಜೊಂಡಿನ ಬುಡದಲ್ಲಿ, ಗದ್ದೆಯ ಕೂಳೆಯ ನಡುವೆ ಒಣಹುಲ್ಲಿನ ಬಣ್ಣವೇ ಆಗಿ ಕೂತಿರುತ್ತವೆ. ತಲೆಗಿಂತ ಎರಡರಷ್ಟು ಉದ್ದದ ಕೊಕ್ಕು, ಅದರ ತುದಿಯನ್ನಷ್ಟೇ ಕೆಸರಿನೊಳಗೆ ತೆರೆದು ಹುಳ ಹಿಡಿಯಬಲ್ಲದು. ಕಣ್ಣುಗಳು ತಲೆಯ ಹಿಂಭಾಗಕ್ಕೆ ಸರಿದಿರುವುದರಿಂದ ಬಗ್ಗಿ ಮೇಯುವಾಗಲೂ ಬೆನ್ನ ಹಿಂದಿನದು ಕಾಣುತ್ತದೆ. ನೀವು ಹತ್ತಿರ ಹೋಗುವ ಮುಂಚೆ ಅದಕ್ಕೆ ಗೊತ್ತು. ಎದ್ದರೆ ‘ಸ್ಕ್ಯಾಪ್’ ಎಂದು ಕರ್ಕಶವಾಗಿ ಕೂಗಿ ಅಂಕುಡೊಂಕಾಗಿ ಹಾರುತ್ತದೆ. ನಮ್ಮಲ್ಲಿಗೆ ಕಾಮನ್ ಸ್ನೈಪ್, ಪಿನ್‌ಟೇಲ್ ಸ್ನೈಪ್ ಎರಡೂ ಬರುತ್ತವೆ. ಹಾರುವಾಗ ರೆಕ್ಕೆಯ ಹಿಂದಂಚಿನಲ್ಲಿ ಎದ್ದುಕಾಣುವ ಬಿಳಿ ಗೆರೆ ಇದ್ದರೆ ಕಾಮನ್. ಇಲ್ಲದಿದ್ದರೆ ಬಹುಶಃ ಪಿನ್‌ಟೇಲ್. ಕೂತ ಹಕ್ಕಿಯಲ್ಲಿ ಇವೆರಡನ್ನು ಬೇರ್ಪಡಿಸುವ ಹಟ ಬೇಡ. ಪುಸ್ತಕದಲ್ಲಿ ‘ಸ್ನೈಪ್ ಜಾತಿ’ ಎಂದು ಬರೆದರೆ ಮರ್ಯಾದೆಗೇನೂ ಕುಂದಿಲ್ಲ.

ಬಣ್ಣದ ಉಲ್ಲಂಕಿಯ ಸಂಗತಿ ಬೇರೆ. ಹೆಸರಿನಲ್ಲಿ ಉಲ್ಲಂಕಿ ಇದ್ದರೂ ಅದರ ಕುಟುಂಬವೇ ಬೇರೆ, ವಲಸೆಯದೂ ಅಲ್ಲ, ಇಲ್ಲಿಯದೇ. ಹೊತ್ತು ಮುಳುಗುವ ಅರ್ಧ ಗಂಟೆ ಮುಂಚೆ ತೂಬಿನ ಕೆಳಗಿನ ಜೌಗಿಗೆ ಎದುರಾಗಿ ಕೂರಿ. ಜೊಂಡಿನಿಂದ ಒಂದು ಹಕ್ಕಿ ಹೆಜ್ಜೆಗೊಮ್ಮೆ ತಡೆದು ಹೊರಬರುತ್ತದೆ. ಕಣ್ಣಿನ ಸುತ್ತ ಬಿಳಿ ಉಂಗುರ, ಅದು ಹಿಂದಕ್ಕೆ ಎಳೆದು ಅಲ್ಪವಿರಾಮದ ಚಿಹ್ನೆಯಾಗಿದೆ. ಎದೆಯಿಂದ ಭುಜದ ಮೇಲಕ್ಕೆ ಹೋದ ಬಿಳಿ ಪಟ್ಟಿ. ಕತ್ತು ಕಡುಗೆಂಪಾಗಿದ್ದರೆ ಅದು ಹೆಣ್ಣು. ಇಲ್ಲಿ ಬಣ್ಣ ಹೆಣ್ಣಿಗೆ, ಕೂಗುವ ಹಕ್ಕೂ ಹೆಣ್ಣಿಗೆ. ಬಾಟಲಿಯ ಬಾಯಿಗೆ ಊದಿದ ಹಾಗೆ ‘ಊ... ಊ...’ ಎಂದು ಮುಸ್ಸಂಜೆಯಲ್ಲಿ ಕೂಗುವುದು ಅದೇ. ಮಸುಕು ಬಣ್ಣದ ಗಂಡು ಕಾವು ಕೂತು ಮರಿ ನೋಡಿಕೊಳ್ಳುತ್ತದೆ, ಹೆಣ್ಣು ಇನ್ನೊಂದು ಗಂಡನ್ನು ಹುಡುಕಿ ಹೋಗುತ್ತದೆ. ತಾವರೆ ಎಲೆಗಳ ಮೇಲೆ ಉದ್ದ ಬೆರಳೂರಿ ನಡೆಯುವ ದೇವನಹಕ್ಕಿಗಳಲ್ಲೂ ಇದೇ ವ್ಯವಸ್ಥೆ.

ಬೇಸಿಗೆಯ ಅಂಗಳದಲ್ಲಿ ಎಚ್ಚರ

ಮಾರ್ಚ್‌ನಿಂದ ಕೆರೆ ಅಂಗಳ ಬತ್ತಿ ಬಿರುಕುಬಿಟ್ಟಾಗ ಟಿಟ್ಟಿಭವೂ ಲಿಟಲ್ ರಿಂಗ್ಡ್ ಪ್ಲೋವರೂ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡು ಎಂಬುದೇ ಇಲ್ಲ, ಸಣ್ಣ ಕುಳಿ, ಸುತ್ತ ನಾಲ್ಕು ಹರಳು. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯದು. ಟಿಟ್ಟಿಭ ಬಿಸಿಲೇರಿದಾಗ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ಒಂದು ಪುಟ್ಟ ಹಕ್ಕಿ ರೆಕ್ಕೆ ಮುರಿದಂತೆ ಎಳೆದುಕೊಂಡು ನಿಮ್ಮ ಮುಂದೆ ಕುಂಟಿದರೆ ಅದರ ಹಿಂದೆ ಹೋಗಬೇಡಿ, ಅಲ್ಲೇ ನಿಲ್ಲಿ. ಮೊಟ್ಟೆಯೋ ಮರಿಯೋ ನಿಮ್ಮ ಕಾಲ ಹತ್ತಿರವೇ ಇದೆ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಫೋಟೋ ಆಸೆಗೆ ಅಲ್ಲಿ ಕೂತರೆ ಕಾಗೆಗಳು ನಿಮ್ಮನ್ನು ನೋಡಿಯೇ ಜಾಗ ಕಂಡುಕೊಳ್ಳುತ್ತವೆ. ಮೊಟ್ಟೆ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದೂ ನೆನಪಿರಲಿ.

ಇದೇ ತಿಂಗಳುಗಳಲ್ಲಿ ತೋಟಗಳಿಗೆ ಕೆರೆಗೋಡು ಹೊಡೆಯುವ ಕೆಲಸವೂ ನಡೆಯುತ್ತದೆ. ಗೋಡು ತೆಂಗಿಗೆ ಬೇಕು, ಹೂಳು ಹೋದರೆ ಕೆರೆಗೂ ಒಳ್ಳೆಯದು. ಗೂಡಿರುವ ಜಾಗ ಗೊತ್ತಿದ್ದರೆ ಟ್ರ್ಯಾಕ್ಟರಿನವರಿಗೆ ಬಾಯಿಮಾತಿನಲ್ಲಿ ಹೇಳಿ, ಆ ತುಂಡು ನೆಲವನ್ನು ಮೂರ್ನಾಲ್ಕು ವಾರ ಬಿಟ್ಟು ಬೇರೆ ಕಡೆ ತೆಗೆಯಲು ಅವರಿಗೆ ಕಷ್ಟವಿಲ್ಲ. ನನಗೆ ತಕರಾರಿರುವುದು ‘ಕೆರೆ ಅಭಿವೃದ್ಧಿ’ ಹೆಸರಿನಲ್ಲಿ ಮೂರು ಕಡೆಯೂ ದಡವನ್ನು ಕಡಿದಾಗಿ ಕಡಿದು, ಕಲ್ಲು ಹಾಸಿ, ಕೆರೆಯನ್ನು ತೊಟ್ಟಿ ಮಾಡುವ ಕಾಮಗಾರಿಯ ಬಗ್ಗೆ. ಅಂಥ ಕೆರೆಯಲ್ಲಿ ನೀರು ಒಂದು ಅಡಿ ಇಳಿದರೂ ಒಂದು ಮಾರು ಕೆಸರು ತೆರೆಯುವುದಿಲ್ಲ. ನೀರುಕಾಗೆ, ಬಾತು ಬರುತ್ತವೆ. ಗೊರವಕ್ಕೆ ಕಾಲೂರಲು ಜಾಗವಿಲ್ಲ. ಗ್ರಾಮ ಪಂಚಾಯಿತಿ ಸಭೆಯಲ್ಲಿ ಕೆರೆ ಕೆಲಸದ ಪ್ರಸ್ತಾಪ ಬಂದಾಗ, ಹಳ್ಳ ಸೇರುವ ಕಡೆಯ ಇಳಿಜಾರನ್ನು ಇದ್ದ ಹಾಗೆ ಬಿಡಿ ಎಂದು ಕೇಳಬಹುದು. ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಉಳಿತಾಯವೇ.

ದಂಡೆಹಕ್ಕಿಗಳಿಗೆ ಈಗ ಎಲ್ಲ ಕಡೆಯೂ ಜಾಗದ ಕೊರತೆ. 2024ರಲ್ಲಿ ಪ್ರಕಟವಾದ ಜಾಗತಿಕ ಕೆಂಪುಪಟ್ಟಿಯ ಪರಿಷ್ಕರಣೆಯಲ್ಲಿ ಗ್ರೇ ಪ್ಲೋವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡೂ ಅಪಾಯಕ್ಕೊಳಗಾಗುವ ವರ್ಗಕ್ಕೆ ಇಳಿದವು. ಅದೇ ವರ್ಷ ನಮ್ಮ ರಾಜ್ಯದ ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮಹತ್ವದ ಜೌಗುನೆಲಗಳ ಜಾಗತಿಕ ರಾಮ್ಸರ್ ಪಟ್ಟಿ ಸೇರಿದವು. ಮೇಲೆ ಹೇಳಿದ ಹಕ್ಕಿಗಳೆಲ್ಲ ಕಣ್ಣಿಗೆ ಪಳಗಿದ ಮೇಲೆ ಒಮ್ಮೆ ಅಘನಾಶಿನಿಗೆ ಹೋಗಿ ಬನ್ನಿ; ಇಳಿತದ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಿ, ಭರತದಲ್ಲಿ ಹೋದರೆ ಬರೀ ನೀರು ನೋಡಿ ಬರಬೇಕಾಗುತ್ತದೆ.

ನೋಡಿದ್ದನ್ನು ಬರೆದಿಡಿ. ದಿನಾಂಕ, ಕೆರೆಯ ಹೆಸರು, ಜಾತಿ, ಎಣಿಕೆ, ಜೊತೆಗೆ ನೀರು ಎಲ್ಲಿಯವರೆಗೆ ಇತ್ತು ಎಂಬ ಒಂದು ಸಾಲು. ಈ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ಹಕ್ಕಿ ಯಾಕೆ ಬಂತು, ಯಾಕೆ ಬರಲಿಲ್ಲ ಎಂಬುದಕ್ಕೆ ಸಿಗುವ ಉತ್ತರ ಮಾತ್ರ ಬಹುಪಾಲು ಅದರಲ್ಲೇ ಇರುತ್ತದೆ. ಇ-ಬರ್ಡ್ ಆ್ಯಪ್‌ಗೆ ಪಟ್ಟಿ ಸೇರಿಸಿದರೆ ಬೇರೆಯವರಿಗೂ ಸಿಗುತ್ತದೆ. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತಿದೆ, ಸ್ವಯಂಸೇವಕರೇ ಅದರ ಬಲ. ನಿಮ್ಮೂರಿನ ಕೆರೆಯನ್ನು ಅದರಲ್ಲಿ ಎಣಿಸಬೇಕೆಂದಿದ್ದರೆ ಡಿಸೆಂಬರ್‌ನಲ್ಲೇ ಒಂದೆರಡು ಬೆಳಗ್ಗೆ ಅಂಗಳದ ಕಡೆಗೆ ಹೋಗಿ ಯಾವ ದಂಡೆಯಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಎಲ್ಲಿ ಕೆಸರು ಕಾಲು ಹೂಳುವಷ್ಟಿದೆ ಎಂದು ನೋಡಿಟ್ಟುಕೊಳ್ಳಿ. ಗುರುತು ಸಿಗದ ಹಕ್ಕಿಯನ್ನು ಎಣಿಕೆಯಿಂದ ಬಿಡಬೇಡಿ, ‘ಗೊರವ, ಜಾತಿ ತಿಳಿಯದು’ ಎಂಬ ಸಾಲಿಗೂ ಆ ಪಟ್ಟಿಯಲ್ಲಿ ಜಾಗವಿದೆ.